ಯೋಗಾನಂದನ ಜೂನ್ ಮೂವತ್ತು

ಹೊಸ ವರ್ಷಕ್ಕೆ ಗುರಿ ಇಟ್ಟುಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ಅದರಲ್ಲೂ ತಮ್ಮನ್ನು ತಾವೇ ‘ಕ್ರಿಯೇಟಿವ್’ ಎಂದು ಕರೆದುಕೊಳ್ಳುವವರು ಇಟ್ಟುಕೊಂಡರೆ ಮೈಯೆಲ್ಲ ಉರಿಯುತ್ತದೆ. ಸೊಪ್ಪು ಮಾರುವವಳು ಜನವರಿ ಒಂದಕ್ಕೆ ‘ಈ ವರ್ಷ ದಿನಾ ಸೊಪ್ಪು ಮಾರುತ್ತೇನೆ’ ಎಂದು ಗೋಡೆಗೆ ಚೀಟಿ ಅಂಟಿಸುವುದಿಲ್ಲ. ಎದ್ದು ಹೋಗುತ್ತಾಳೆ, ಮಾರುತ್ತಾಳೆ, ಬರುತ್ತಾಳೆ. ಕಲಾವಿದನಿಗೆ ಹಾಗಲ್ಲ. ಮಾಡುವ ಮೊದಲು ಮಾಡುತ್ತೇನೆಂದು ಊರಿಗೆಲ್ಲ ಸಾರಬೇಕು, ಸಾರಿದ್ದಕ್ಕೆ ಸುಸ್ತಾಗಬೇಕು, ಸುಸ್ತಾದದ್ದಕ್ಕೆ ಒಂದು ಕಾಫಿ ಬೇಕು.

ಯೋಗಾನಂದ ಈ ಪೈಕಿಯವನು. ತಮಾಷೆಯೆಂದರೆ ಅವನ ತಾಯಿ ಚಿಕ್ಕಮುನಿಯಮ್ಮ ಗಾಂಧಿಬಜಾರಿನಲ್ಲಿ ನಲವತ್ತು ವರ್ಷದಿಂದ ಸೊಪ್ಪನ್ನೇ ಮಾರುತ್ತಿದ್ದಾಳೆ. ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳನ್ನು ಅವಳು ಜೋಡಿಸಿಡುವ ಅಂದ ನೋಡಿಯೇ ನಿಂತು ಕೊಳ್ಳುವವರಿದ್ದಾರೆ. ಮಗನಿಗೆ ಕೈಚಳಕ ಅವಳಿಂದಲೇ ಬಂದಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅಭ್ಯಾಸ ಮಾತ್ರ ಬರಲಿಲ್ಲ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು ಚಾಮರಾಜಪೇಟೆಯ ವೃಷಭೇಂದ್ರಪ್ಪನವರ ಪ್ರಿಂಟಿಂಗ್ ಪ್ರೆಸ್ಸಿಗೆ ಡಿಸೈನರ್ ಆಗಿ ಬಂದ. ನಾನು ಮಹಾನಂದ, ಅಲ್ಲಿ ಪ್ರೂಫ್ ನೋಡುವವಳು. ಅವನು ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ಕಿಟಕಿ ಪಕ್ಕದ ಮೇಜು ನನ್ನದಾಗಿತ್ತು. ಈಗ ಅವನಿಗೆ ನಲವತ್ತೇಳು, ನನಗೆ ಅರವತ್ತು ದಾಟಿದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ವೈಕುಂಠ ಸಮಾರಾಧನೆಯ ಪತ್ರಿಕೆ, ಮಠದ ಕರಪತ್ರ, ಇಪ್ಪತ್ತಮೂರು ವರ್ಷ ಎಲ್ಲವನ್ನೂ ಅವನು ಪುಟಕ್ಕೆ ಕೂರಿಸಿದ, ನಾನು ತಿದ್ದಿದೆ.

ಇದೆಲ್ಲ ಅವನ ಪ್ರಕಾರ ಹೊಟ್ಟೆಪಾಡು. ಅವನ ನಿಜವಾದ ಕೆಲಸ ಬೇರೆಯಿತ್ತು. ಸ್ವಂತದ್ದೊಂದು ಕನ್ನಡ ಫಾಂಟ್ ಮಾಡಬೇಕು. ಇಂಗ್ಲಿಷಿನವರು ಇಪ್ಪತ್ತಾರು ಬರೆದು ಕೈ ತೊಳೆದುಕೊಳ್ಳಬಹುದು. ಕನ್ನಡಕ್ಕೆ ಸ್ವರ ಬೇಕು, ವ್ಯಂಜನ ಬೇಕು, ಅವುಗಳ ಕಾಗುಣಿತ ಬೇಕು, ಇಷ್ಟೆಲ್ಲ ಆದ ಮೇಲೆ ಒತ್ತಕ್ಷರ ಬೇಕು. ಒಟ್ಟು ನಾನೂರೋ ಐನೂರೋ ರೂಪಗಳನ್ನು ಕೈಯಲ್ಲಿ ಬರೆದು, ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ, ಕಂಪ್ಯೂಟರಿಗೆ ಏರಿಸಬೇಕು. ಸೇರಿದ ಮೊದಲ ವರ್ಷವೇ ಅವನು ಇದನ್ನು ನನಗೆ ಹೇಳಿದ್ದ. ಇಪ್ಪತ್ತೊಂದು ವರ್ಷವಾದ ಮೇಲೆ ಅವನ ಕೈಯಲ್ಲಿ ಎಷ್ಟಿತ್ತೆಂದರೆ ಅ ಆ ಇ ಈ ಉ ಊ. ಅಂಗನವಾಡಿಯ ಮಗು ಒಂದು ತಿಂಗಳಲ್ಲಿ ಕಲಿಯುವಷ್ಟು.

ನಮ್ಮ ಪ್ರೆಸ್ಸಿನಲ್ಲಿ ಜನವರಿ ಒಂದಕ್ಕೆ ಯಜಮಾನರು ಎಲ್ಲರಿಗೂ ಒಂದೊಂದು ಡೈರಿ, ಅರ್ಧ ಕೆಜಿ ಮೈಸೂರುಪಾಕು ಕೊಡುವ ಪದ್ಧತಿ. ನಾವೆಲ್ಲ ಮೈಸೂರುಪಾಕಿನ ಡಬ್ಬ ಮನೆಗೆ ಒಯ್ದು ಡೈರಿಯನ್ನು ಹಾಲಿನವನ ಲೆಕ್ಕಕ್ಕೋ ಮೊಮ್ಮಕ್ಕಳ ಗೀಚಾಟಕ್ಕೋ ಕೊಡುತ್ತೇವೆ. ಯೋಗಾನಂದ ಮಾತ್ರ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದ.

“ಮೇಡಂ, ಈ ವರ್ಷ ದಿನಕ್ಕೊಂದು ಅಕ್ಷರ. ಬರ್ಕೊಂಡ್ಬಿಟ್ಟಿದೀನಿ.”

“ಹೋದ ವರ್ಷ ವಾರಕ್ಕೊಂದು ಅಂದಿದ್ದೆಯಲ್ಲೋ.”

“ಅದು ಕಮ್ಮಿಯಾಯ್ತು ಮೇಡಂ, ಅದಕ್ಕೇ ಹುಮ್ಮಸ್ಸು ಬರ್ಲಿಲ್ಲ.”

ವಾರಕ್ಕೊಂದು ಆಗದವನು ದಿನಕ್ಕೊಂದು ಮಾಡುತ್ತೇನೆ ಎನ್ನುವುದು ನನಗೆ ಅರ್ಥವಾಗದ ಗಣಿತ. ಅವನ ಮೇಜಿನ ಕೆಳಗಿನ ಖಾನೆಯಲ್ಲಿ ಕಳೆದುಹೋದವನ್ನು ಬಿಟ್ಟು ಅಂಥ ಹದಿನೇಳು ಡೈರಿಗಳಿದ್ದವು. ಒಂದು ದಿನ ಅವನು ಇಲ್ಲದಾಗ ತೆಗೆದು ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಎಲ್ಲದರಲ್ಲೂ ಮೊದಲ ಮೂರು ಪುಟ ತುಂಬಿ, ಉಳಿದದ್ದು ಖಾಲಿ. ಒಂದರಲ್ಲಿ ಜನವರಿ ಮೂರನೆಯ ತಾರೀಖು ‘ನೆಗಡಿ’ ಎಂದು ಬರೆದಿತ್ತು. ಆ ವರ್ಷ ಆ ನೆಗಡಿ ಡಿಸೆಂಬರ್ ತನಕ ಇತ್ತೆಂದು ಕಾಣುತ್ತದೆ.

‘ನಮಗೆ ಹೊಸ ವರ್ಷ ಅಂದ್ರೆ ಯುಗಾದಿ, ಜನವರಿಯಲ್ಲ’ ಎಂದು ಮೂಗು ಮುರಿಯುವವರೂ ಪ್ರೆಸ್ಸಿನಲ್ಲಿದ್ದರು. ಯುಗಾದಿ ದಿನ ಅವರೇನು ಕಡಿದು ಕಟ್ಟೆ ಹಾಕಿದ್ದಾರೆಂದು ಕೇಳಿದರೆ ಒಬ್ಬಟ್ಟು ತಿಂದು ಮಲಗಿದ್ದಾರೆ. ಅವರ ಮೇಲೂ ನನಗೆ ಗೌರವವಿಲ್ಲ. ಆದರೆ ಅವರು ಕನಿಷ್ಠ ಊರಿಗೆ ಹೇಳಿಕೊಂಡು ತಿರುಗುವುದಿಲ್ಲ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಯೋಗಾನಂದ ಬಸವನಗುಡಿಯ ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿ ಬಂದ. ಕ್ರಿಯೇಟಿವ್ ವೃತ್ತಿಯವರು ಹೊಸ ವರ್ಷಕ್ಕೆ ಗುರಿ ಇಟ್ಟುಕೊಳ್ಳುವುದು ಹೇಗೆ ಎಂದು ಕಲಿಸುವ ಕಾರ್ಯಾಗಾರವಂತೆ. ಕಲಿಸಿದವಳು ಯಶಶ್ರೀ ಎಂಬ ಇಪ್ಪತ್ತೇಳು ವರ್ಷದ ಹುಡುಗಿ. ಒಬ್ಬ ಫೋಟೊಗ್ರಾಫರು, ಇಬ್ಬರು ಕಥೆ ಬರೆಯುವವರು, ಕುಂಬಾರಿಕೆ ಕಲಿಯುತ್ತಿರುವ ಒಬ್ಬ ಬ್ಯಾಂಕಿನವರು, ಮತ್ತೆ ನಮ್ಮ ಯೋಗಾನಂದ, ಎಲ್ಲರೂ ನೆಲದ ಮೇಲೆ ಕೂತು ಬಣ್ಣದ ಚೀಟಿಗಳ ಮೇಲೆ ಆಸೆಗಳನ್ನು ಬರೆದು ಗೋಡೆಗೆ ಅಂಟಿಸಿದರಂತೆ. ಮಾರನೆಯ ದಿನ ಇದನ್ನೆಲ್ಲ ನನಗೆ ಹೇಳುವಾಗ ಅವನ ಮುಖ ತಿರುಪತಿಗೆ ಹೋಗಿ ಬಂದವರ ಹಾಗೆ ಹೊಳೆಯುತ್ತಿತ್ತು.

“ಮೇಡಂ, ನಾನು ಇಷ್ಟು ವರ್ಷ ಎಲ್ಲಿ ತಪ್ಪಿದೆ ಅಂತ ಗೊತ್ತಾಯ್ತು. ಡೈರೀಲಿ ಬರೀತಿದ್ದೆ. ಡೈರಿ ಮುಚ್ಚಿಟ್ರೆ ಮುಗೀತು, ಕಣ್ಣಿಗೆ ಬೀಳಲ್ಲ. ಆ ಮೇಡಂ ಹೇಳಿದ್ರು, ಗುರೀನ ಕ್ಯಾಲೆಂಡರಿಗೆ ಹಾಕಿ, ತಾರೀಖು ಸಮೇತ, ದಿನಾ ಕಾಣೋ ಹಂಗೆ ಗೋಡೆಗೆ ನೇತು ಹಾಕಿ ಅಂತ.”

“ಹಾಕು. ಕ್ಯಾಲೆಂಡರ್ ಮಾಡೋನು ನೀನೇ ತಾನೆ” ಎಂದೆ ನಾನು. ಮೂದಲಿಸಿ ಹೇಳಿದ್ದು. ಅವನು ಅದನ್ನು ಸಲಹೆ ಎಂದುಕೊಂಡ.

ನಮ್ಮ ಪ್ರೆಸ್ಸಿನ ಗೋಡೆ ಕ್ಯಾಲೆಂಡರು ಈ ಭಾಗದಲ್ಲಿ ಹೆಸರುವಾಸಿ. ಕಿರಾಣಿ ಅಂಗಡಿಯವರು, ಮೆಡಿಕಲ್ ಸ್ಟೋರಿನವರು, ಚಿನ್ನದಂಗಡಿಯವರು ಕೆಳಗಿನ ಪಟ್ಟಿಯಲ್ಲಿ ತಮ್ಮ ಹೆಸರು ಹಾಕಿಸಿಕೊಂಡು ಗಿರಾಕಿಗಳಿಗೆ ಹಂಚುತ್ತಾರೆ. ನಾಲ್ಕು ಸಾವಿರ ಪ್ರತಿ. ಮಲ್ಲೇಶ್ವರದಿಂದ ತ್ಯಾಗರಾಜನಗರದ ತನಕ ಅಡುಗೆಮನೆ, ದೇವರಮನೆಗಳಲ್ಲಿ ಅದೇ ನೇತಾಡುತ್ತದೆ. ಚೌಕದಲ್ಲಿ ದಪ್ಪ ಅಂಕಿ, ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ತಿಥಿ, ನಕ್ಷತ್ರ, ಏಕಾದಶಿ, ಸಂಕಷ್ಟಹರ ಚತುರ್ಥಿ. ಅಲ್ಲಿ ಏನಿದೆಯೋ ಅದನ್ನು ನಮ್ಮ ಜನ ಮಾಡುತ್ತಾರೆ. ಯಾರು ಹಾಕಿದರು, ಯಾಕೆ ಹಾಕಿದರು ಎಂದು ಕೇಳುವುದಿಲ್ಲ.

ಯೋಗಾನಂದ ಆ ಕ್ಯಾಲೆಂಡರಿನ ಫೈಲನ್ನು ಕಾಪಿ ಮಾಡಿಕೊಂಡು, ತಿಥಿ ನಕ್ಷತ್ರಗಳ ಕೆಳಗೆ ಅದೇ ಇರುವೆ ಅಕ್ಷರದಲ್ಲಿ ತನ್ನ ಗುರಿಗಳನ್ನು ಕೂರಿಸಿದ. ಒಂದೇ ಒಂದು ಪ್ರತಿ ತೆಗೆದು ಮನೆಯಲ್ಲಿ ಹಾಕಿಕೊಳ್ಳುವುದು ಅವನ ಯೋಚನೆ. ಅಸಲು ಫೈಲಿನ ಹೆಸರು ‘ಫೈನಲ್’, ಅವನ ಕಾಪಿಯದು ‘ಫೈನಲ್ ಹೊಸದು’. ಪ್ರೂಫಿಗೆ ನನ್ನ ಮೇಜಿಗೆ ಬಂದದ್ದು ಎರಡನೆಯದು.

ನಾನು ಪ್ರೂಫ್ ನೋಡುವ ಕ್ರಮ ಹೀಗೆ. ಜೋಯಿಸರು ಬರೆದುಕೊಟ್ಟ ಪಂಚಾಂಗದ ಹಾಳೆ ಎಡಕ್ಕೆ, ಪ್ರೂಫ್ ಬಲಕ್ಕೆ. ಒಂದೊಂದು ಚೌಕ ಓದಿ, ಸರಿಯಿದ್ದರೆ ಮೂಲೆಯಲ್ಲಿ ಕೆಂಪು ಟಿಕ್. ಮುನ್ನೂರ ಅರವತ್ತೈದು ಟಿಕ್. ಓದದೆ ಹಾಕುವವಳಲ್ಲ ನಾನು. ಜನವರಿ ಐದರ ಚೌಕದಲ್ಲಿ ‘ಅಕ್ಷರ ಆರಂಭ’ ಎಂದಿತ್ತು. ಜೋಯಿಸರ ಹಾಳೆಯಲ್ಲಿ ಇರಲಿಲ್ಲ. ಬುಧವಾರಗಳಲ್ಲಿ ‘ಮೌನ’ ಎಂದಿತ್ತು. ಮಾರ್ಚಿನಲ್ಲಿ ಯುಗಾದಿಯ ಹಿಂದಿನ ದಿನ ‘ಸಕ್ಕರೆ ಬಿಡುವುದು’. ಜೂನ್ ಮೂವತ್ತಕ್ಕೆ ‘ಪ್ರೆಸ್ಸಿನ ಕೆಲಸ ಬಿಡುವುದು’. ಡಿಸೆಂಬರ್ ಮೂವತ್ತೊಂದಕ್ಕೆ ‘ಅಕ್ಷರ ಬಿಡುಗಡೆ’.

ನನಗೆ ಮೂರನೆಯ ಚೌಕಕ್ಕೇ ಎಲ್ಲ ಅರ್ಥವಾಯಿತು. ಕೂಗಿ ಕರೆದಿದ್ದರೆ ಹತ್ತು ಹೆಜ್ಜೆ ದೂರದಲ್ಲಿದ್ದವನು ಓಡಿ ಬರುತ್ತಿದ್ದ. ಕರೆಯಲಿಲ್ಲ. ಅಚ್ಚಿನ ಪ್ಲೇಟ್ ಮಾಡುವ ಹೊತ್ತಿಗೆ ಅವನೇ ನೋಡುತ್ತಾನೆ, ಇಲ್ಲವೇ ಯಜಮಾನರು ನೋಡುತ್ತಾರೆ, ಅವನ ಮುಖ ಕೆಂಪಾಗುವುದನ್ನು ಕೂತು ನೋಡೋಣ ಅನಿಸಿತು. ಇಪ್ಪತ್ತೆರಡು ಜನವರಿ ಅವನ ಪುರಾಣ ಕೇಳಿದವಳಿಗೆ ಅಷ್ಟು ಮನರಂಜನೆ ಬೇಡವೇ? ಎಲ್ಲ ಚೌಕಕ್ಕೂ ಟಿಕ್ ಹಾಕಿದೆ, ಜೂನ್ ಮೂವತ್ತಕ್ಕೂ ಹಾಕಿದೆ. ಕೆಳಗೆ ‘ಸರಿ ಇದೆ’ ಎಂದು ಬರೆದು ಸಹಿ ಮಾಡಿ ಕಳಿಸಿದೆ.

ಯಾರೂ ನೋಡಲಿಲ್ಲ. ನಾಲ್ಕು ಸಾವಿರವೂ ಅಚ್ಚಾಗಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು ಹೋದವು.

ಮೊದಲ ಫೋನು ಡಿಸೆಂಬರ್ ಕೊನೆಯಲ್ಲಿ ಮಲ್ಲೇಶ್ವರದ ಒಬ್ಬ ಪುರೋಹಿತರಿಂದ ಬಂತು. ಅವರ ಶಿಷ್ಯವರ್ಗದ ಮೂರು ಮನೆಯವರು ಜನವರಿ ಐದಕ್ಕೆ ಮಕ್ಕಳ ಅಕ್ಷರಾಭ್ಯಾಸ ಇಟ್ಟುಕೊಂಡು ಅವರನ್ನು ಕರೆದಿದ್ದರಂತೆ. “ಧನುರ್ಮಾಸದಲ್ಲಿ ಅಕ್ಷರಾಭ್ಯಾಸ ಅಂತ ಯಾವನ್ರೀ ಹಾಕಿದ್ದು? ಶೂನ್ಯಮಾಸ ಅಂತ ಗೊತ್ತಿಲ್ವಾ ನಿಮಗೆ?” ಎಂದು ಅವರು ಕೂಗಿದ್ದು ರಿಸೀವರಿನಿಂದಾಚೆಗೂ ಕೇಳಿಸುತ್ತಿತ್ತು. ಆಮೇಲೆ ಬಸವನಗುಡಿಯ ಒಬ್ಬ ಹೆಂಗಸು, ಬುಧವಾರದ ಮೌನ ಬೆಳಿಗ್ಗೆ ಸ್ನಾನವಾದ ಮೇಲೋ ಮೊದಲೋ ಎಂದು ಕೇಳಿದಳು. ಇನ್ನೊಬ್ಬರಿಗೆ ಮಾರ್ಚ್ ತಿಂಗಳ ಚಿಂತೆ ಆಗಲೇ ಹತ್ತಿತ್ತು. “ಯುಗಾದಿ ಹಿಂದಿನ ದಿನ ಸಕ್ಕರೆ ಬಿಡೋದು ಅಂತಿದೆಯಲ್ಲ, ಒಬ್ಬಟ್ಟಿಗೆ ಬೆಲ್ಲ ನಡಿಯುತ್ತಾ?” ಯೋಗಾನಂದನ ಮೇಲಿದ್ದ ನನ್ನ ತಾತ್ಸಾರದಲ್ಲಿ ಸ್ವಲ್ಪ ಭಾಗವನ್ನು ತೆಗೆದು ಈ ಊರಿಗೂ ಕೊಡಬೇಕಾಯಿತು.

ಯಜಮಾನರಿಗೆ ಎಪ್ಪತ್ತೆರಡು ವರ್ಷ. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅವರು ಭೂತಗನ್ನಡಿ ತರಿಸಿ ಹನ್ನೆರಡೂ ಹಾಳೆ ಓದಿದರು. ಆಮೇಲೆ ಎಲ್ಲರೆದುರು ಯೋಗಾನಂದನನ್ನು ಕರೆದರು.

“ಬಾರಯ್ಯ. ಜೂನ್ ಮೂವತ್ತು, ಪ್ರೆಸ್ಸಿನ ಕೆಲಸ ಬಿಡುವುದು ಅಂತಿದೆ. ಯಾರು ಬಿಡೋದು? ನಾನಾ?”

ಯೋಗಾನಂದನ ಮುಖ ನಾನು ಬಯಸಿದ್ದಕ್ಕಿಂತ ಹೆಚ್ಚೇ ಕೆಂಪಾಯಿತು. “ಸುಮ್ನೆ ಬರ್ಕೊಂಡಿದ್ದು ಸಾರ್. ನನ್ ಕಾಪಿಗೆ.”

“ನಿನ್ ಕಾಪಿ ನಾಲ್ಕು ಸಾವಿರ ಮನೇಲಿ ನೇತಾಡ್ತಿದೆ.” ಅವರು ನನ್ನ ಕಡೆ ತಿರುಗಿದರು. “ಮಹಾನಂದಮ್ಮ, ನೀವು ನೋಡ್ಲಿಲ್ವಾ ಇದನ್ನ?”

ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಏನಾದರೂ ಹೇಳುವ ಮೊದಲೇ ಯೋಗಾನಂದ ಹೇಳಿದ, “ಮೇಡಂ ಓಕೆ ಮಾಡಿದ್ದು ಬೇರೆ ಫೈಲು ಸಾರ್. ಆಮೇಲೆ ನಾನೇ ತಪ್ಪಿ ಇನ್ನೊಂದು ಕಳಿಸ್ಬಿಟ್ಟೆ. ಮೇಡಮ್ದೇನೂ ಇಲ್ಲ.”

ನಾನು ಸಹಿ ಮಾಡಿದ ಪ್ರೂಫು ಅವನ ಮೇಜಿನ ಮೇಲೇ ಇತ್ತು. ಫೋನುಗಳು ಬಂದ ಮೇಲೆ ಅವನು ಅದನ್ನು ಹುಡುಕಿ ತೆಗೆದು, ಜೂನ್ ಮೂವತ್ತರ ಮೂಲೆಯ ಕೆಂಪು ಟಿಕ್ ನೋಡಿದ್ದ. ಮಧ್ಯಾಹ್ನ ನಾನು ಆ ಕಡೆ ಹೋದಾಗ ಪ್ರೂಫ್ ಅಲ್ಲಿರಲಿಲ್ಲ. ಎಂದಿನಂತೆ ಅವನು ನಾಲ್ಕು ಗಂಟೆಗೆ ನನ್ನ ಕಾಫಿಯ ಲೋಟ ತಂದಿಟ್ಟ. ಇನ್ನೊಬ್ಬಳಾಗಿದ್ದರೆ ಕೃತಜ್ಞತೆಯಿಂದ ಕಣ್ಣು ತುಂಬಿಕೊಳ್ಳುತ್ತಿದ್ದಳು. ನನಗೆ ಬಂದದ್ದು ಸಿಟ್ಟು. ಒಂದು ಅಕ್ಷರ ನೆಟ್ಟಗೆ ಮುಗಿಸಲಾಗದವನು ನನ್ನನ್ನು ಕಾಪಾಡುವುದೆಂದರೇನು?

ಯಜಮಾನರು ಕ್ಯಾಲೆಂಡರನ್ನು ವಾಪಸು ತರಿಸಲಿಲ್ಲ. “ಅಚ್ಚಾಗಿದ್ದು ಅಚ್ಚಾಯ್ತು. ಜೂನ್ ಮೂವತ್ತು ಬರ್ಲಿ, ನೋಡೋಣ” ಎಂದಷ್ಟೇ ಹೇಳಿದರು.

ಅಲ್ಲಿಂದ ಶುರುವಾಯಿತು. ಆ ಚೌಕಗಳು ಯಾರವೆಂಬುದು ಹೇಗೋ ಹಬ್ಬಿತು. ಮೆಡಿಕಲ್ ಸ್ಟೋರಿನಲ್ಲಿ ತಲೆನೋವಿನ ಮಾತ್ರೆ ಕೇಳಿದರೆ “ಏನ್ ಗುರು, ಸಕ್ಕರೆ ಬಿಟ್ಯಾ?” ಎನ್ನುತ್ತಿದ್ದರು. ದರ್ಶಿನಿಯಲ್ಲಿ ಕಾಫಿ ಕೊಡುವವನು ಬುಧವಾರ ಬಂದರೆ ಬಾಯಿ ಮೇಲೆ ಬೆರಳಿಟ್ಟು ನಗುತ್ತಿದ್ದ. “ಅಕ್ಷರ ಎಲ್ಲಿಗೆ ಬಂತು ಸಾರ್?” ಎಂದು ಕ್ಷೌರದಂಗಡಿಯಲ್ಲಿ ಕೇಳುತ್ತಿದ್ದರು. ಡೈರಿಯನ್ನಾದರೆ ಖಾನೆಯೊಳಗೆ ನೂಕಬಹುದು. ಊರಿನ ಅಡುಗೆಮನೆಗಳನ್ನು ಎಲ್ಲಿಗೆ ನೂಕುವುದು?

ನಾಚಿಕೆಯಿಂದಲೋ ಹಟದಿಂದಲೋ ಯೋಗಾನಂದ ಕೆಲಸ ಶುರು ಮಾಡಿದ. ಐದಕ್ಕೆ ಏಳುತ್ತಾನೆಂದು ಅವನ ಹೆಂಡತಿ ಪ್ರೇಮಲತಾ ಹೇಳಿದಾಗ ನಾನು ನಂಬಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸ್ವರ ಮುಗಿಯಿತು ಎಂದ. ಶಿವರಾತ್ರಿಗೆ ಕ ವರ್ಗ, ಚ ವರ್ಗ. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಟ್ರೇಸಿಂಗ್ ಹಾಳೆ ಹರಡಿಕೊಳ್ಳುತ್ತಿದ್ದ. ನನಗೆ ತೋರಿಸಲು ಬಂದಾಗಲೆಲ್ಲ ನಾನು ಕನ್ನಡಕ ತೆಗೆದು ಒರೆಸುತ್ತ “ಆಮೇಲೆ ನೋಡ್ತೀನಿ, ಇಡು” ಎನ್ನುತ್ತಿದ್ದೆ. ಇದೂ ನೆಗಡಿ ಬರುವ ತನಕ ಎಂದು ಕಾಯುತ್ತಿದ್ದೆ. ಏಪ್ರಿಲ್ ಬಂತು, ಮೇ ಬಂತು, ನೆಗಡಿ ಬರಲಿಲ್ಲ.

ಮೇ ತಿಂಗಳಲ್ಲಿ ಚಿಕ್ಕಮುನಿಯಮ್ಮ ಪ್ರೆಸ್ಸಿಗೇ ಬಂದಳು, ಕಂಕುಳಲ್ಲಿ ಎರಡು ಕಟ್ಟು ದಂಟಿನ ಸೊಪ್ಪು. ಅವಳಿಗೆ ಓದಲು ಬರುವುದಿಲ್ಲ. ಸೊಪ್ಪು ಕೊಳ್ಳಲು ಬಂದ ಗಿರಾಕಿಗಳೇ ಅವಳಿಗೆ ಜೂನ್ ಮೂವತ್ತನ್ನು ಓದಿ ಹೇಳಿದ್ದರು. ಯಜಮಾನರು ಇರಲಿಲ್ಲ. ಸೊಪ್ಪನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು, “ಅಕ್ಷರ ಬರ್ಯೋಕೆ ಕೆಲ್ಸ ಯಾಕ್ ತಾಯಿ ಬಿಡ್ಬೇಕು? ನೀವು ಅಷ್ಟು ವರ್ಸದಿಂದ ಇದೀರ, ನೀವೊಂದ್ ಮಾತು ಹೇಳಿ. ನಿಮ್ ಮಾತು ಕೇಳ್ತಾನೆ.”

“ನಿಮ್ಮಗ ಎಲ್ಲೂ ಹೋಗಲ್ಲ, ಹೆದರ್ಬೇಡಿ” ಎಂದೆ. ಅಷ್ಟು ಖಚಿತವಾಗಿ ಹೇಳಿದೆನೆಂದರೆ ಅವಳು ನನ್ನ ಕೈ ಹಿಡಿದುಕೊಂಡಳು.

ಜೂನ್ ಮೂವತ್ತರ ಬೆಳಿಗ್ಗೆ ನಾನು ಒಂಬತ್ತಕ್ಕೆ ಬರುವಷ್ಟರಲ್ಲಿ ಯೋಗಾನಂದ ನನ್ನ ಮೇಜಿನ ಹತ್ತಿರ ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಹಸಿರು ಫೈಲು.

“ಮೇಡಂ, ಇವತ್ತಾದ್ರೂ ಒಂದ್ಸಲ ನೋಡಿ. ಅ ಇಂದ ಳ ತನಕ ಆಗಿದೆ, ಗುಣಿತಾನೂ ಆಗಿದೆ. ಒತ್ತಕ್ಷರ ಬಾಕಿ. ಆರು ತಿಂಗಳು ಪೂರ್ತಿ ಕೂತ್ರೆ ಮುಗಿಯುತ್ತೆ. ಮನೇಲಿ ಲತಾ ಒಪ್ಪಿದಾಳೆ, ಅವಳ ಹೊಲಿಗೆ ಇದೆ, ಆರು ತಿಂಗಳು ಹೆಂಗೋ ತಳ್ತೀವಿ. ನೀವು ಅಕ್ಷರ ನೋಡ್ದಷ್ಟು ಈ ಊರಲ್ಲಿ ಯಾರೂ ನೋಡಿಲ್ಲ. ಚೆನ್ನಾಗಿದೆ ಅಂತ ನೀವಂದ್ರೆ ಈಗ್ಲೇ ಯಜಮಾನ್ರಿಗೆ ಹೇಳ್ಬಿಡ್ತೀನಿ.”

ಕನ್ನಡಕ ಒರೆಸುವ ನೆಪ ಅಂದು ನಡೆಯಲಿಲ್ಲ. ಫೈಲು ಬಿಚ್ಚಿದೆ.

ಚೆನ್ನಾಗಿತ್ತು. ಇದನ್ನು ಇಲ್ಲಿ ಹೇಳಲೇಬೇಕು, ಅಂದು ಹೇಳಲಿಲ್ಲ. ತಲೆಕಟ್ಟು ಎಲ್ಲೂ ಮೊಂಡಾಗಿರಲಿಲ್ಲ. ಬ ದ ಹೊಟ್ಟೆ ತುಂಬಿದ್ದರೂ ಭಾರವಾಗಿರಲಿಲ್ಲ, ಡ ದ ತುದಿ ಮೇಲಕ್ಕೆ ಒಂದಿಷ್ಟು ಎತ್ತಿ ನಿಂತಿತ್ತು. ಅವನ ತಾಯಿ ಸೊಪ್ಪಿನ ಕಟ್ಟಿಗೆ ಬಾಳೆನಾರು ಸುತ್ತಿ ತುದಿ ಸಿಕ್ಕಿಸುವ ಹಾಗೆ ಮ ದ ಸುರುಳಿ ಬಿಗಿಯಾಗಿ ಸುತ್ತಿ ನಿಂತಿತ್ತು. ಮೂವತ್ತೊಂದು ವರ್ಷ ಅಕ್ಷರಗಳನ್ನು ಬರೀ ತಪ್ಪು ಹುಡುಕಲಿಕ್ಕೆಂದು ನೋಡಿದವಳು ನಾನು. ಇಲ್ಲಿ ಹುಡುಕಿದೆ, ಸಿಗಲಿಲ್ಲ. ಹಾಳೆ ತಿರುಗಿಸುತ್ತ ಹೋದಂತೆ ನನ್ನೊಳಗೆ ಏನೋ ಹುಳಿಯಾಯಿತು. ಇವನು ಮಾಡಿಬಿಟ್ಟರೆ? ಇಷ್ಟು ವರ್ಷ ನಾನು ನಕ್ಕಿದ್ದೆಲ್ಲ ಏನಾಗಬೇಕು? ನಾನು ಒಂದು ವರ್ಷವೂ ಒಂದು ಗುರಿಯನ್ನೂ ಇಟ್ಟುಕೊಂಡವಳಲ್ಲ, ಅದೇ ನನ್ನ ಜಾಣತನ ಎಂದುಕೊಂಡವಳು.

ಫೈಲು ಮುಚ್ಚಿ ಅವನ ಕೈಗೆ ಕೊಟ್ಟೆ. “ಪರವಾಗಿಲ್ಲ. ಆದ್ರೆ ಇದನ್ನ ನಂಬ್ಕೊಂಡು ಯಾರಾದ್ರೂ ಕೆಲಸ ಬಿಡ್ತಾರೇನೋ? ವಯಸ್ಸೆಷ್ಟು ನಿಂಗೆ? ಕೆಲಸ ಇಟ್ಕೊ.”

“ಹೌದಾ ಮೇಡಂ” ಎಂದ. ಯಾವ ಅಕ್ಷರದಲ್ಲಿ ಏನು ಕೊರತೆಯೆಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಯಜಮಾನರು ಮಷಿನ್ ನಿಲ್ಲಿಸಿ ಎಲ್ಲರನ್ನೂ ಕರೆದರು. ಟೇಬಲಿನ ಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ, ಬಣ್ಣದ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಊರಿನ ಸನ್ಮಾನದ ಪತ್ರಿಕೆಗಳೆಲ್ಲ ನಮ್ಮಲ್ಲೇ ಅಚ್ಚಾಗುವುದರಿಂದ ಯಾವುದಕ್ಕೂ ಕೊರತೆಯಿಲ್ಲದ ಹಾಗೆ ತರಿಸಿದ್ದರು. ಅವರು ನಿಜವಾಗಿ ಕಳಿಸಿಕೊಡುತ್ತಿದ್ದಾರೋ ಆಟ ಆಡಿಸುತ್ತಿದ್ದಾರೋ ಯಾರಿಗೂ ತಿಳಿಯಲಿಲ್ಲ. ಅವರ ಮುಖದಲ್ಲಿ ಎಂದಿಗೂ ಏನೂ ತಿಳಿಯುವುದಿಲ್ಲ. ಯೋಗಾನಂದನನ್ನು ಕುರ್ಚಿಯಲ್ಲಿ ಕೂರಿಸಿ ಪೇಟ ಇಟ್ಟರು. ಅದು ಅವನ ತಲೆಗೆ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ಶಾಲು ಹೊದಿಸಿದರು, ಹಾರ ಹಾಕಿದರು.

“ಇಪ್ಪತ್ತೆರಡು ವರ್ಷ ನಮ್ಮಲ್ಲಿದ್ದ. ಇವತ್ತು ಹೋಗ್ತೀನಿ ಅಂತ ನಾಲ್ಕು ಸಾವಿರ ಜನಕ್ಕೆ ಅಚ್ಚು ಹಾಕ್ಸಿ ಹೇಳಿದಾನೆ. ನಾವು ತಡೀಬಾರದು. ಎರಡು ಮಾತಾಡಯ್ಯ” ಎಂದರು ಯಜಮಾನರು.

ಯೋಗಾನಂದ ಎದ್ದು ನಿಂತ. ಪೇಟವನ್ನು ಒಂದು ಕೈಯಲ್ಲಿ ಹಿಂದಕ್ಕೆ ತಳ್ಳಿ ನನ್ನ ಕಡೆ ನೋಡಿದ. ನಾನು ಆಗ ‘ಹೋಗು’ ಎಂದು ತಲೆ ಆಡಿಸಿದ್ದರೂ ಸಾಕಿತ್ತು. ನಾನು ಕಿಟಕಿಯ ಆಚೆ ನೋಡಿದೆ.

“ಎಲ್ಲರಿಗೂ ನಮಸ್ಕಾರ” ಎಂದ. “ನಾನು ಎಲ್ಲಿಗೂ ಹೋಗ್ತಿಲ್ಲ ಸಾರ್. ಅದು ಪ್ರಿಂಟಿಂಗ್ ಮಿಸ್ಟೇಕು.”

ಮಷಿನ್ ನಡೆಸುವ ಮಾಯಣ್ಣ ಮೊದಲು ನಕ್ಕ, ಅವನ ಹಿಂದೆ ಎಲ್ಲರೂ. ಯಜಮಾನರೂ ನಕ್ಕು, “ಸರಿ, ಹಂಗಾದ್ರೆ ಪೇಟ ಬಿಚ್ಚಿ ಬೀರುವಿನಲ್ಲಿಡು, ಮುಂದಿನ ವರ್ಷಕ್ಕಾಗುತ್ತೆ. ಬುಟ್ಟಿ ಎಲ್ರಿಗೂ ಹಂಚು” ಎಂದರು. ಪೇಟ ಹುಬ್ಬಿನ ಮೇಲಿದ್ದ ಹಾಗೇ ಅವನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ಪಾಲಿಗೆ ಒಂದು ಸೇಬು ಬಂತು. ತಿಂದೆ.

ಜುಲೈ ತಿಂಗಳಲ್ಲಿ ಇನ್ನೂ ಒಂದಿಬ್ಬರು ಕೇಳಿದರು, ಆಗಸ್ಟಿಗೆ ಊರು ಮರೆಯಿತು. ಹಸಿರು ಫೈಲು ಅವನ ಮೇಜಿನ ಮೇಲೆ ಮತ್ತೆ ಕಾಣಲಿಲ್ಲ. ಮನೆಯಲ್ಲಿಟ್ಟನೋ ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಿದನೋ ನಾನು ಕೇಳಲಿಲ್ಲ. ಒಂದು ದಿನ ಕೆಳಗಿನ ಖಾನೆ ತೆರೆದಿತ್ತು, ಹದಿನೇಳು ಡೈರಿಗಳೂ ಇರಲಿಲ್ಲ. ಅವನು ಮದುವೆ ಪತ್ರಿಕೆಗಳನ್ನು ಕೂರಿಸಿದ, ವೈಕುಂಠ ಸಮಾರಾಧನೆಗಳನ್ನು ಕೂರಿಸಿದ, ನಾಲ್ಕಕ್ಕೆ ನನಗೆ ಕಾಫಿ ತಂದಿಟ್ಟ. ಹೊತ್ತಿಗೆ ಸರಿಯಾಗಿ ಬಂದ, ಹೊತ್ತಿಗೆ ಸರಿಯಾಗಿ ಹೋದ. ನಾನು ಇಪ್ಪತ್ತೆರಡು ವರ್ಷ ಅವನು ಹೀಗಿರಬೇಕೆಂದೇ ಹೇಳುತ್ತ ಬಂದಿದ್ದೆ. ಈಗ ಹಾಗಿದ್ದವನನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ನವೆಂಬರಿನಲ್ಲಿ ಹೊಸ ಕ್ಯಾಲೆಂಡರಿನ ಪ್ರೂಫ್ ಬಂತು. ಜೋಯಿಸರ ಹಾಳೆ ಎಡಕ್ಕೆ, ಪ್ರೂಫ್ ಬಲಕ್ಕೆ. ತಿಥಿ ಓದಿದೆ, ನಕ್ಷತ್ರ ಓದಿದೆ. ಜನವರಿ ಮುಗಿಯುವಷ್ಟರಲ್ಲಿ ನಾನು ತಿಥಿ ನಕ್ಷತ್ರವನ್ನು ಓದುತ್ತಿಲ್ಲವೆಂದು ನನಗೇ ಗೊತ್ತಾಯಿತು. ಅವುಗಳ ಕೆಳಗಿನ ಜಾಗ ನೋಡುತ್ತಿದ್ದೆ. ಫೆಬ್ರವರಿ, ಮಾರ್ಚ್, ಜೂನ್ ಮೂವತ್ತು. ಭೂತಗನ್ನಡಿ ತಂದು ಹನ್ನೆರಡೂ ಹಾಳೆ ಎರಡೆರಡು ಸಲ ಹುಡುಕಿದೆ. ಅಕ್ಷರ ಆರಂಭ, ಸಕ್ಕರೆ ಬಿಡುವುದು, ಮೌನ, ಯಾವುದೂ ಇರಲಿಲ್ಲ. ನನಗೆ ನಾಚಿಕೆಯಾಯಿತು. ಅವನ ಗುರಿಗಳನ್ನು ಅವನಿಗಿಂತ ಹೆಚ್ಚು ಕಾದವಳು ನಾನೇ, ನಗುವುದಕ್ಕಾದರೂ ಸರಿ. ಅವುಗಳನ್ನು ಮುಗಿಸಿದವಳೂ ನಾನೇ.

ಕೆಂಪು ಪೆನ್ನು ತೆಗೆದು ಜನವರಿ ಒಂದರ ಚೌಕದಲ್ಲಿ ಸೇರಿಸುವ ಗುರುತು ಹಾಕಿ ‘ಒತ್ತಕ್ಷರ ಶುರು’ ಎಂದು ಬರೆದೆ. ಜೊತೆಗೆ ಎರಡು ನಕ್ಷತ್ರ ತಪ್ಪಿದ್ದವು, ಒಂದು ಏಕಾದಶಿ ಬಿಟ್ಟುಹೋಗಿತ್ತು, ಅವನ್ನೂ ಗುರುತು ಮಾಡಿ ಕಳಿಸಿದೆ. ಬಾಯಲ್ಲಿ ಹೇಳಲು ಧೈರ್ಯವಿರಲಿಲ್ಲ. ಆದರೆ ನನ್ನ ಕೆಂಪು ಗುರುತನ್ನು ಅವನು ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಮೀರಿದವನಲ್ಲ.

ಮಾರನೆಯ ದಿನ ಎರಡನೆಯ ಪ್ರೂಫ್ ನನ್ನ ಮೇಜಿನ ಮೇಲಿತ್ತು, ಹಳೆಯದನ್ನೂ ಜೊತೆಗೆ ಸೇರಿಸಿ ಪಿನ್ ಮಾಡಿತ್ತು. ನಕ್ಷತ್ರಗಳು ಸರಿಯಾಗಿದ್ದವು, ಏಕಾದಶಿ ಬಂದಿತ್ತು. ಜನವರಿ ಒಂದು ಖಾಲಿಯಿತ್ತು. ಹಳೆಯ ಪ್ರೂಫಿನಲ್ಲಿ ನನ್ನ ಕೆಂಪು ಗುರುತಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಬೇಡ ಮೇಡಂ’ ಎಂದು ಬರೆದಿತ್ತು. ಹೊಟ್ಟೆ ತುಂಬಿದ ಬ, ತುದಿ ಎತ್ತಿದ ಡ, ಬಿಗಿಯಾಗಿ ಸುತ್ತಿದ ಮ. ಜೂನ್ ಮೂವತ್ತರಂದು ಹಾಳೆಗೊಂದರಂತೆ ಬಿಡಿಬಿಡಿಯಾಗಿ ನೋಡಿದ್ದ ಅಕ್ಷರಗಳು. ಅವು ಒಟ್ಟಿಗೆ ಸೇರಿ ಮಾತಾದದ್ದನ್ನು ನಾನು ಓದಿದ್ದು ಅದೇ ಮೊದಲು.

ಆಮೇಲೆ ಹೊಸ ಪ್ರೂಫಿನ ಪ್ರತಿ ಚೌಕಕ್ಕೂ ಟಿಕ್ ಹಾಕುತ್ತ ಬಂದೆ. ಎಲ್ಲೂ ತಪ್ಪಿರಲಿಲ್ಲ. ಕೆಳಗೆ ‘ಸರಿ ಇದೆ’ ಎಂದು ಬರೆದು ಸಹಿ ಮಾಡಿ ಕಳಿಸಿದೆ.